ಒರೆಗಲ್ಲು ತಲುಪದ ಆಳ

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ ಅದಿರನ್ನು ಅರೆದು ಸಂಸ್ಕರಿಸಿದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಗುರುತಿಸಿದ ಸಿ. ಬೀಡನ್ ಕೂಡ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಆಗಿದ್ದರು. ಇಂಥ ಸೀಮೆಯಲ್ಲಿ ಪತ್ತಾರರ ಒರೆಗಲ್ಲಿನ ಮಾತಿಗೆ ಬೆಲೆಯಿರುವುದು ಸಹಜವೇ. ಆದರೆ ಹಳೆಯ ಮುದ್ರೆಯಿರುವ ಹತ್ತು ತೊಲದ ಚಿನ್ನದ ಬಿಸ್ಕತ್ತೊಂದನ್ನು ಸಂಗ್ರಹಕ್ಕೆಂದು ಕೊಳ್ಳುವವರಿಗೆ ಒರೆಗಲ್ಲು ಅಷ್ಟಾಗಿ ಒದಗದು. ಅದು ಹೊರಮೈಯ ಸಂಗತಿಯನ್ನಷ್ಟೇ ಹೇಳುತ್ತದೆ. ಅಷ್ಟು ತಿಳಿಯಲು ಉಜ್ಜಿದ ಗುರುತು ಗಟ್ಟಿಯ ಸಂಗ್ರಹಮೌಲ್ಯವನ್ನೇ ತಗ್ಗಿಸುತ್ತದೆ.

ಸರಾಫ ಅಂಗಡಿಗಳಲ್ಲಿರುವ ಎಕ್ಸ್‌ರೇ ಯಂತ್ರ ಗೀರು ಬೀಳಿಸುವುದಿಲ್ಲ ನಿಜ, ಆದರೆ ಅದಕ್ಕೂ ಕಾಣುವುದು ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ಆಳ ಮಾತ್ರ. ಒಳಗಿನದನ್ನು ತಿಳಿಯಲು ಆರ್ಕಿಮಿಡೀಸನ ತತ್ವವೇ ಮೊದಲ ದಾರಿ. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದು, ಗಟ್ಟಿಯನ್ನು ತೆಳುವಾದ ದಾರದಲ್ಲಿ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿದರೆ, ತಕ್ಕಡಿ ತೋರಿಸುವ ತೂಕವು ಗಟ್ಟಿ ಪಕ್ಕಕ್ಕೆ ಸರಿಸಿದ ನೀರಿನ ತೂಕವಾಗಿರುತ್ತದೆ. ಹತ್ತು ತೊಲವೆಂದರೆ 116.64 ಗ್ರಾಂ. ಅಪ್ಪಟ ಚಿನ್ನವಾದರೆ ತಕ್ಕಡಿ ಸುಮಾರು 6.04 ಗ್ರಾಂ ತೋರಿಸಬೇಕು. ಅಷ್ಟೇ ತೂಕದ ಬೆಳ್ಳಿಗೆ ಚಿನ್ನದ ಲೇಪ ಕೊಟ್ಟಿದ್ದರೆ ಅದು 11 ಗ್ರಾಂ ದಾಟುತ್ತದೆ, ಸೀಸವಾದರೆ 10 ಗ್ರಾಂ ದಾಟುತ್ತದೆ. ಇಷ್ಟು ಅಗ್ಗದ ಪರೀಕ್ಷೆ ಇಷ್ಟು ಸ್ಪಷ್ಟ ಉತ್ತರ ಕೊಡುವುದು ಅಪರೂಪ.

ಆದರೂ ಟಂಗ್‌ಸ್ಟನ್ ಎಂಬ ಲೋಹದ ಮುಂದೆ ಈ ಪರೀಕ್ಷೆಯ ಆಟ ನಡೆಯುವುದಿಲ್ಲ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ಟಂಗ್‌ಸ್ಟನ್ನಿನದು 19.25. ನಮ್ಮ ಬಿಸ್ಕತ್ತಿನ ಲೆಕ್ಕದಲ್ಲಿ ಇವೆರಡರ ವ್ಯತ್ಯಾಸ 0.02 ಗ್ರಾಮಿಗಿಂತಲೂ ಕಡಿಮೆ. ಗಟ್ಟಿಗೆ ಅಂಟಿಕೊಂಡ ಅಕ್ಕಿಕಾಳಿನಷ್ಟು ಗಾಳಿಗುಳ್ಳೆ ಅದನ್ನು ಮುಚ್ಚಿಹಾಕಬಲ್ಲದು. ಇಲ್ಲಿ ಕೆಲಸಕ್ಕೆ ಬರುವುದು ಶಬ್ದ. ಶ್ರವಣಾತೀತ ತರಂಗವು ಚಿನ್ನದಲ್ಲಿ ಸೆಕೆಂಡಿಗೆ ಸುಮಾರು 3,240 ಮೀಟರ್ ಸಾಗಿದರೆ ಟಂಗ್‌ಸ್ಟನ್ನಿನಲ್ಲಿ 5,200 ಮೀಟರಿನಷ್ಟು ಸಾಗುತ್ತದೆ. ಹೀಗಾಗಿ ತರಂಗ ಹೋಗಿಬರುವ ಸಮಯದಿಂದ ದಪ್ಪವನ್ನು ಲೆಕ್ಕಹಾಕುವ, ಚಿನ್ನಕ್ಕೆಂದು ಹೊಂದಿಸಿದ ದಪ್ಪಮಾಪಕವು ಬಹುಪಾಲು ಟಂಗ್‌ಸ್ಟನ್ ತುಂಬಿದ 5 ಮಿಲಿಮೀಟರ್ ದಪ್ಪದ ಗಟ್ಟಿಯನ್ನು 3 ಮಿಲಿಮೀಟರಿನ ಆಸುಪಾಸಿನದೆಂದು ತೋರಿಸುತ್ತದೆ. ವಿದ್ಯುತ್ ಹರಿವನ್ನು ಅಳೆದರೂ ಗುಟ್ಟು ರಟ್ಟಾಗುತ್ತದೆ, ಏಕೆಂದರೆ ಟಂಗ್‌ಸ್ಟನ್ನಿನ ವಾಹಕತೆ ಚಿನ್ನದ ಅರ್ಧಕ್ಕಿಂತ ಕಡಿಮೆ.

ಬೆಳ್ಳಿಯ ಗಟ್ಟಿಗಳ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು: ಮೇಲೆ ಕಟ್ಟಿದ ಕಪ್ಪು ಎಂದರೆ ಗಂಧಕದೊಡನೆ ಬೆಳ್ಳಿ ಕೂಡಿ ಆದ ಪದರ. ಅದನ್ನು ಹಬ್ಬದ ಪಾತ್ರೆಯಂತೆ ತಿಕ್ಕಿ ಬೆಳಗಿಸಿದರೆ ಲೋಹವೂ ಸವೆಯುತ್ತದೆ, ಮುದ್ರೆಯ ಅಂಚೂ ಮಾಸುತ್ತದೆ.

ಲೋಹ ಅಪ್ಪಟವೆಂದು ಸಾಬೀತಾದ ಮೇಲೂ ಲೋಹದ ಬೆಲೆಗಿಂತ ಹೆಚ್ಚಾಗಿ ಕೇಳುವ ಹಣಕ್ಕೆ ಭೌತವಿಜ್ಞಾನದಲ್ಲಿ ಉತ್ತರವಿಲ್ಲ. ಅದು ತಯಾರಕರ ಮುದ್ರೆ, ಗಟ್ಟಿಯ ಮೇಲಿನ ಕ್ರಮಸಂಖ್ಯೆ, ಅದೇ ಸಂಖ್ಯೆಯ ಪ್ರಮಾಣಪತ್ರ ಮತ್ತು ಒಡೆಯದ ಹೊದಿಕೆಗೆ ಸಲ್ಲುವ ಹಣ. ಹೊದಿಕೆ ಒಡೆಯದೆ ನೀರಿನ ಪರೀಕ್ಷೆ ನಡೆಯುವುದಿಲ್ಲವಾದ್ದರಿಂದ, ಮುಚ್ಚಿದ ಗಟ್ಟಿಗಳಿಗೆ ಹೊದಿಕೆಯ ಮೇಲಿನಿಂದಲೇ ವಾಹಕತೆ ಅಳೆಯುವ ಉಪಕರಣವೇ ಸರಿ ಎಂಬುದು ನನ್ನ ಅಭಿಪ್ರಾಯ. ಕೊಳ್ಳುವಾಗ ಇಂಥ ಗಟ್ಟಿಗೆ ಎಷ್ಟೇ ಹೆಚ್ಚು ತೆತ್ತಿರಲಿ, ಕರಗಿಸಿ ಒಡವೆ ಮಾಡುವ ಪತ್ತಾರರು ಕಟ್ಟಿಕೊಡುವುದು ತೂಕ ಮತ್ತು ಶುದ್ಧತೆಯ ಬೆಲೆಯನ್ನಷ್ಟೇ. ಮುದ್ರೆಗೆ ಬೆಲೆ ಕೊಡುವವರು ಇನ್ನೊಬ್ಬ ಸಂಗ್ರಾಹಕರು ಮಾತ್ರ.