ಸುವಾದಲ್ಲಿ ಸೋಮವಾರ, ನಿಯುವೆಯಲ್ಲಿ ಇನ್ನೂ ಭಾನುವಾರ

ಫಿಜಿ ದೇಶದ ಸುವಾ ನಗರದಲ್ಲಿ ಸೋಮವಾರ ಬೆಳಗ್ಗೆ 10 ಗಂಟೆಗೆ ಒಬ್ಬ ಮೇಷ್ಟ್ರು ಆನ್‌ಲೈನ್ ಪಾಠ ಶುರು ಮಾಡಿದರು ಅಂದುಕೊಳ್ಳಿ. ಆ ಹೊತ್ತಿಗೆ ನಿಯುವೆ ದ್ವೀಪದ ವಿದ್ಯಾರ್ಥಿನಿಗೆ ಇನ್ನೂ ಭಾನುವಾರ ಬೆಳಗ್ಗೆ 11 ಗಂಟೆ. ಅವಳು ಚರ್ಚಿಗೆ ಹೋಗಿರುತ್ತಾಳೆ. ಇಬ್ಬರ ನಡುವೆ ಅಂತಾರಾಷ್ಟ್ರೀಯ ದಿನಾಂಕ ರೇಖೆ ಹಾದುಹೋಗುತ್ತದೆ. ಗಡಿಯಾರ ನೋಡಿದರೆ ಒಂದು ಗಂಟೆ ವ್ಯತ್ಯಾಸ, ಕ್ಯಾಲೆಂಡರ್ ನೋಡಿದರೆ ಒಂದು ದಿನ. ಶನಿವಾರ, ಭಾನುವಾರದ ರಜೆ ಕಳೆದರೆ ಇಬ್ಬರಿಗೂ ಕೆಲಸದ ದಿನವಾಗಿ ಸಿಗುವುದು ವಾರಕ್ಕೆ ನಾಲ್ಕೇ.

ನಾನು ದೂರಶಿಕ್ಷಣಕ್ಕೆ ಪಾಠ ಬರೆಯುವವನು. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಹಲವು ದೇಶ ಸೇರಿ ಆನ್‌ಲೈನ್ ಡಿಗ್ರಿ ಕೊಡುವ ಮಾತು ಬಂದಾಗಲೆಲ್ಲ ಜನ ಕೇಳುವುದು ಸಾಫ್ಟ್‌ವೇರ್ ಯಾವುದು, ಇಂಟರ್ನೆಟ್ ವೇಗ ಎಷ್ಟು ಅಂತ. ನನಗೆ ಮೊದಲು ಗೊತ್ತಾಗಬೇಕಾದ್ದು ಬೇರೆ. ಈ ಜಾಲ ಯಾರದ್ದು? ಆ ಕಡೆ ವಿದ್ಯಾರ್ಥಿಯ ಹತ್ತಿರ ಯಾರಿರುತ್ತಾರೆ?

ಈ ಎರಡು ಪ್ರಶ್ನೆಗೂ ಒಳ್ಳೆಯ ಉತ್ತರ ಇರುವುದು ಪೆಸಿಫಿಕ್ ಸಾಗರದಲ್ಲಿ. ಯೂನಿವರ್ಸಿಟಿ ಆಫ್ ದಿ ಸೌತ್ ಪೆಸಿಫಿಕ್ ಶುರುವಾಗಿದ್ದು 1968ರಲ್ಲಿ. ಸುವಾದ ಲೌಥಲಾದಲ್ಲಿ ನ್ಯೂಜಿಲೆಂಡ್ ವಾಯುಪಡೆ ಬಿಟ್ಟುಹೋದ ಜಾಗದಲ್ಲಿ ಅದರ ಮುಖ್ಯ ಕ್ಯಾಂಪಸ್. ಅದಕ್ಕೆ ಒಡೆಯರು 12 ಮಂದಿ: ಫಿಜಿ, ಟೋಂಗಾ, ಸಮೋವಾ, ವನುವಾಟು, ಕಿರಿಬಾಟಿ, ನೌರು, ಟುವಾಲು, ಸಾಲೊಮನ್ ದ್ವೀಪಗಳು, ಮಾರ್ಷಲ್ ದ್ವೀಪಗಳು, ಕುಕ್ ದ್ವೀಪಗಳು, ನಿಯುವೆ, ಟೊಕೆಲಾವ್. ಕೊನೆಯ ಎರಡರಲ್ಲಿ ಒಂದೊಂದರ ಜನಸಂಖ್ಯೆ ಎರಡು ಸಾವಿರದ ಆಸುಪಾಸು ಅಷ್ಟೇ. ಟೊಕೆಲಾವ್‌ಗೆ ವಿಮಾನ ನಿಲ್ದಾಣವೂ ಇಲ್ಲ. ಸಮೋವಾದಿಂದ ದೋಣಿಯಲ್ಲಿ ಒಂದು ದಿನಕ್ಕಿಂತ ಜಾಸ್ತಿ ಪ್ರಯಾಣ. ಇಷ್ಟು ಚಿಕ್ಕ ಊರಿಗೆ ಸ್ವಂತ ವಿಶ್ವವಿದ್ಯಾಲಯ ಕಟ್ಟುವುದು ಆಗದ ಮಾತು. ಹಾಗಾಗಿ ಎಲ್ಲರೂ ಸೇರಿ ಒಂದನ್ನೇ ಕಟ್ಟಿದರು. ಕೃಷಿ ಸಮೋವಾದಲ್ಲಿ, ಕಾನೂನು ವನುವಾಟುವಿನಲ್ಲಿ, ಉಳಿದದ್ದು ಹೆಚ್ಚಾಗಿ ಸುವಾದಲ್ಲಿ. ಪ್ರತಿ ದೇಶದಲ್ಲೂ ಒಂದಾದರೂ ಕೇಂದ್ರ ಇದೆ.

1970ರ ದಶಕದಲ್ಲಿ ಈ ಕೇಂದ್ರಗಳನ್ನು ಬೆಸೆದದ್ದು ನಾಸಾದ ಎಟಿಎಸ್-1 ಎಂಬ ಪ್ರಯೋಗದ ಉಪಗ್ರಹ. ದೂರದ ದ್ವೀಪಗಳಿಗೆ ಅದರ ಮೂಲಕ ಮೇಷ್ಟ್ರ ದನಿ ಮಾತ್ರ ಹೋಗುತ್ತಿತ್ತು. 1985ರಲ್ಲಿ ಆ ಉಪಗ್ರಹ ಕೈಕೊಟ್ಟಿತು. ಕೇಂದ್ರಗಳು ಮಾತ್ರ ಮುಚ್ಚಲಿಲ್ಲ, ಯಾಕೆಂದರೆ ಅವು ಆಯಾ ದೇಶದವೇ ಆಗಿದ್ದವು. 2000ರಲ್ಲಿ ಜಪಾನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾದ ನೆರವಿನಿಂದ ಯುಎಸ್‌ಪಿನೆಟ್ ಎಂಬ ಸ್ವಂತ ಉಪಗ್ರಹ ಜಾಲ ಬಂತು. ತಂತಿ ಬದಲಾಯಿತು, ಮನೆ ಹಾಗೇ ಇತ್ತು.

ಎರವಲು ಉಪಗ್ರಹದ ಕಥೆ ನಮಗೂ ಗೊತ್ತಿರುವುದೇ. ನಮ್ಮ ಮಾವ ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಮಾಸ್ತರರಾಗಿದ್ದರು. 1975ರ ಆಗಸ್ಟ್‌ನಲ್ಲಿ ಅವರ ಶಾಲೆಗೆ ಟಿವಿ ಬಂತು. ಜೊತೆಗೆ ಕೋಳಿಗೂಡಿನ ಜಾಲರಿಯಿಂದ ಮಾಡಿದಂಥ ದೊಡ್ಡ ಡಿಶ್. ನಾಸಾದ ಎಟಿಎಸ್-6 ಉಪಗ್ರಹವನ್ನು ಭಾರತ ಒಂದು ವರ್ಷಕ್ಕೆ ಎರವಲು ಪಡೆದಿತ್ತು. ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ರಾಯಚೂರು, ವಿಜಯಪುರ, ಕಲಬುರಗಿ ಕಡೆಯವೂ ಇದ್ದವು. ಬೆಳಗ್ಗೆ ಮಕ್ಕಳಿಗೆ ಪಾಠ, ಸಂಜೆ ರೈತರಿಗೆ ಕಾರ್ಯಕ್ರಮ. 1976ರ ಜುಲೈ 31ಕ್ಕೆ ಎಲ್ಲ ಮುಗಿಯಿತು. ಮರುವರ್ಷ ಕಲಬುರಗಿಯಲ್ಲಿ ಟಿವಿ ಕೇಂದ್ರ ಬಂತು, ಆದರೆ ಮಾವನ ಹಳ್ಳಿಗೆ ಅದರ ಸಿಗ್ನಲ್ ಮುಟ್ಟಲಿಲ್ಲ. ಡಿಶ್ ಬಹಳ ದಿನ ಶಾಲೆಯ ಹಿಂದೆ ಬಿದ್ದಿತ್ತು ಅಂತ ಹೇಳುತ್ತಿದ್ದರು. ಅವರಿಗೆ ಅದು ಕೊನೆಯವರೆಗೂ ಮರೆಯದ ನೋವು.

ಆಮೇಲೆ ಕೊಡುವ ಜಾಗದಲ್ಲಿ ನಾವೇ ನಿಂತೆವು. ರಾಷ್ಟ್ರಪತಿಯಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ 2004ರಲ್ಲಿ ಆಫ್ರಿಕಾದ ದೇಶಗಳನ್ನೆಲ್ಲ ಒಂದು ಜಾಲದಲ್ಲಿ ಸೇರಿಸುವ ಪ್ರಸ್ತಾಪ ಇಟ್ಟರು. 2009ರಲ್ಲಿ ಪ್ಯಾನ್ ಆಫ್ರಿಕನ್ ಇ-ನೆಟ್‌ವರ್ಕ್ ಶುರುವಾಯಿತು. 48 ದೇಶ ಸೇರಿದವು. ಪ್ರತಿ ದೇಶದಲ್ಲೂ ಒಂದು ಕಲಿಕಾ ಕೇಂದ್ರ, ಒಂದು ಆಸ್ಪತ್ರೆ. ಅಲ್ಲಿಂದ ಸೆನೆಗಲ್‌ನ ಡಾಕರ್‌ನಲ್ಲಿರುವ ಭೂಕೇಂದ್ರಕ್ಕೆ ಉಪಗ್ರಹ, ಡಾಕರ್‌ನಿಂದ ಭಾರತಕ್ಕೆ ಸಮುದ್ರದ ಕೇಬಲ್. ಇಗ್ನೋ ಸೇರಿ ನಮ್ಮ ಕೆಲವು ವಿಶ್ವವಿದ್ಯಾಲಯಗಳು ಪಾಠ ಮಾಡಿದವು. ಮೊದಲ ಹಂತ 2017ರಲ್ಲಿ ಮುಗಿಯಿತು. ಅದರ ಮುಂದಿನ ಹಂತವಾಗಿ 2019ರಲ್ಲಿ ಶುರುವಾದ ಇ-ವಿದ್ಯಾಭಾರತಿಗೆ ಅಂಥ ಕಲಿಕಾ ಕೇಂದ್ರದ ಕೊಠಡಿ ಬೇಕಿಲ್ಲ. ಇಂಟರ್ನೆಟ್ ಇದ್ದರೆ ಮನೆಯಿಂದಲೇ ಕಲಿಯಬಹುದು.

ಇದರಿಂದ ಜಾಸ್ತಿ ಜನರಿಗೆ ಅನುಕೂಲ, ನಿಜ. ಆದರೂ ಆ ಕೊಠಡಿ ಹೋದದ್ದು ನನಗೆ ಬೇಸರ. ನಮ್ಮ ಅಧ್ಯಯನ ಕೇಂದ್ರಗಳಲ್ಲಿ ನೋಡಿದ್ದೇನೆ. ವಿದ್ಯಾರ್ಥಿ ಓದು ಬಿಡುವುದು ಪಾಠ ಕಷ್ಟ ಅಂತ ಮಾತ್ರ ಅಲ್ಲ. ಅಸೈನ್‌ಮೆಂಟ್ ಯಾವಾಗ ಕೊಡಬೇಕು, ಫೀಸ್ ಕಟ್ಟಿದ್ದು ಯಾಕೆ ತೋರಿಸುತ್ತಿಲ್ಲ, ಹಾಲ್ ಟಿಕೆಟ್ ಎಲ್ಲಿ — ಇಂಥದ್ದಕ್ಕೆ ಉತ್ತರ ಹೇಳುವವರು ಇಲ್ಲದೆ ಬಿಡುತ್ತಾರೆ. 'ಬನ್ನಿ ಮೇಡಂ, ನೋಡೋಣ' ಅನ್ನುವ ಒಬ್ಬ ಗುಮಾಸ್ತ ಇದ್ದರೆ ಎಷ್ಟೋ ಜನ ಪರೀಕ್ಷೆವರೆಗೆ ಬರುತ್ತಾರೆ.

ಒಡೆತನದಲ್ಲಿ ಜಗಳವೂ ಇರುತ್ತದೆ. ಪೆಸಿಫಿಕ್‌ನಲ್ಲೂ ಆಯಿತು. ಫಿಜಿ ಸರ್ಕಾರ ಕೆಲವು ವರ್ಷ ತನ್ನ ಪಾಲಿನ ಹಣ ತಡೆದಿಟ್ಟಿತು. 2021ರ ಫೆಬ್ರುವರಿಯಲ್ಲಿ ಕುಲಪತಿ ಪಾಲ್ ಅಹ್ಲುವಾಲಿಯಾ ಅವರನ್ನು ದೇಶದಿಂದಲೇ ಹೊರಗೆ ಕಳಿಸಿತು. ಬೇರೆ ಕಡೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅಲ್ವಾ? ಇಲ್ಲಿ ಅವರು ನೌರುವಿಗೆ ಹೋದರು, ನಂತರ ಸಮೋವಾಕ್ಕೆ. ಅಲ್ಲಿಂದಲೇ ವಿಶ್ವವಿದ್ಯಾಲಯ ನಡೆಸಿದರು. ವಿದ್ಯಾರ್ಥಿಗಳಿಗಾಗಿ ಕಟ್ಟಿದ ಜಾಲ ಕುಲಪತಿಯನ್ನೂ ಹೊತ್ತುಕೊಂಡಿತು. 2022ರ ಕೊನೆಗೆ ಫಿಜಿಯಲ್ಲಿ ಸರ್ಕಾರ ಬದಲಾದ ಮೇಲೆ ಸಂಬಂಧ ಸರಿಹೋಯಿತು.

ಡಿಗ್ರಿಯ ಮಾನ್ಯತೆಗೂ ಒಡೆತನವೇ ಆಧಾರ. ಹನ್ನೆರಡೂ ದೇಶ ಒಡೆಯರಾದ್ದರಿಂದ ಟುವಾಲುವಿನ ಹುಡುಗಿಗೆ ತನ್ನ ಡಿಗ್ರಿಯನ್ನು ಊರಿನಲ್ಲಿ ಸಮರ್ಥಿಸಿಕೊಳ್ಳುವ ಪರದಾಟ ಇಲ್ಲ. ನಮ್ಮಲ್ಲಿ ಹಾಗಿಲ್ಲ. ವಿದೇಶಿ ವಿಶ್ವವಿದ್ಯಾಲಯದ ಹೆಸರಲ್ಲಿ ಕಂಪನಿಗಳು ಮಾರುವ ಆನ್‌ಲೈನ್ ಡಿಗ್ರಿಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಯುಜಿಸಿ ಎಚ್ಚರಿಕೆ ಕೊಟ್ಟಿತು. ತನ್ನ ಒಪ್ಪಿಗೆ ಇಲ್ಲದ ಇಂಥ ಡಿಗ್ರಿಗೆ ಮಾನ್ಯತೆ ಇಲ್ಲ ಎಂದಿತು. ದುಡ್ಡು ಕಟ್ಟುವ ಮೊದಲು ಯುಜಿಸಿ ಪಟ್ಟಿ ನೋಡಿ. ಮಾರುವವರ ಮಾತು ಕೇಳಿ ಸುಮ್ನೆ ಸಾಲ ಮಾಡಬೇಡಿ.

2022ರ ಜನವರಿ 15ರಂದು ಟೋಂಗಾದ ಹತ್ತಿರ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿಯಿತು. ದೇಶಕ್ಕೆ ಇಂಟರ್ನೆಟ್ ತರುತ್ತಿದ್ದ ಕೇಬಲ್ ತುಂಡಾಯಿತು. ಸರಿಮಾಡಲು ಸುಮಾರು ಐದು ವಾರ ಹಿಡಿಯಿತು. ಅಂದಿನಿಂದ ಯಾವ ಘಟಕ ಬರೆಯಲು ಕೂತರೂ ಐದು ವಾರದ ಲೆಕ್ಕ ಹಾಕುತ್ತೇನೆ. ಅಷ್ಟು ದಿನ ನೆಟ್ ಇಲ್ಲದಿದ್ದರೂ ಇದನ್ನು ಓದಲು ಆಗಬೇಕು. ಕಳೆದ ತಿಂಗಳು ಬರೆದ ಘಟಕದಿಂದ ಎರಡು ವಿಡಿಯೊ ತೆಗೆದು ಹನ್ನೊಂದು ಪುಟ ಸೇರಿಸಿದೆ.