ಓದುಗರ ಪ್ರಶ್ನೆ: ‘ಫೋನ್ ಕಿತ್ತಿಟ್ಟರೆ ಸಾಕಲ್ವಾ, ಮೇಡಂ?’

“ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಮಗಳನ್ನು ಆಡಿಕೊಳ್ಳುತ್ತಾರಂತೆ. ಫೋನ್ ಕಿತ್ತಿಟ್ಟಿದ್ದೇವೆ. ಇನ್ನು ಸರಿಹೋಗುತ್ತೆ ಅಲ್ವಾ?”

ಸರಿಹೋಗುವುದಿಲ್ಲ. ಎಷ್ಟು ಪೇರೆಂಟ್ಸ್ ಮೀಟಿಂಗಿನಲ್ಲಿ ಇದನ್ನು ಹೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಕೂತು ಬರೆದೇಬಿಡುತ್ತೇನೆ.

ಫೋನ್ ಬೀರು ಸೇರುತ್ತೆ, ಗ್ರೂಪ್ ನಿಲ್ಲಲ್ಲ. ನಮ್ಮ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಸ್ಪೋರ್ಟ್ಸ್ ಡೇ ದಿನ ಬಾಯಿ ತೆರೆದು ಕೂಗುತ್ತಿದ್ದ ಫೋಟೊವನ್ನು ಯಾರೋ ಸ್ಟಿಕ್ಕರ್ ಮಾಡಿದ್ದರು. ಅವಳು ಹೋಂವರ್ಕ್ ಕೇಳಿದರೂ ಅದೇ ಸ್ಟಿಕ್ಕರ್. ಮನೆಯಲ್ಲಿ ಫೋನ್ ಕಿತ್ತಿಟ್ಟರು. ಮರುದಿನ ಪ್ರೇಯರ್ ಸಾಲಿನಲ್ಲಿ ಹಿಂದಿನಿಂದ ಕಿಸಕ್ಕನೆ ನಗು. ಮೊದಲಾದರೆ ಏನು ಹಾಕಿದ್ದಾರೆ ಅಂತಾದರೂ ಗೊತ್ತಾಗುತ್ತಿತ್ತು. ಈಗ ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕಂತೆ ಅನ್ನಿಸತೊಡಗಿತು. ಟಿಫಿನ್ ಬಾಕ್ಸ್ ತುಂಬಿದ್ದ ಹಾಗೇ ಮನೆಗೆ ವಾಪಸ್. ಭಾನುವಾರ ಸಂಜೆಯಾದರೆ ಹೊಟ್ಟೆನೋವು. ನಾಟಕ ಅನ್ನಬೇಡಿ. ಮಕ್ಕಳ ಆತಂಕ ಎಷ್ಟೋ ಸಲ ಹೊರಬರುವುದೇ ಹೊಟ್ಟೆನೋವು, ತಲೆನೋವಾಗಿ.

ಅವಳಿಗೆ ರಾತ್ರಿ ಸಮಾಧಾನ ಹೇಳುತ್ತಿದ್ದ ಗೆಳತಿ ಇದ್ದದ್ದೂ ಅದೇ ಫೋನಿನಲ್ಲಿ. ಅದೂ ಕಡಿದುಹೋಯಿತು. ಜೊತೆಗೆ, ಹೇಳಿಕೊಂಡರೆ ಶಿಕ್ಷೆ ತನಗೇ ಅಂತ ಮಗು ಕಲಿತುಬಿಡುತ್ತೆ. “ಮಿಸ್, ಅಮ್ಮಂಗೆ ಹೇಳ್ಬೇಡಿ, ಫೋನ್ ಕಿತ್ಕೋತಾರೆ” ಎಂದು ಅತ್ತ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ.

‘ಸ್ಕ್ರೀನ್ ಮೇಲಿನ ಮಾತಿಗೆ ಇಷ್ಟು ನೋವಾ?’ ಅಂತ ಕೇಳುವವರಿಗೆ ಒಂದು ವಿಷಯ. 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವಿವರ ಬಂತು. ಕಂಪ್ಯೂಟರಿನಲ್ಲಿ ಮೂವರು ಚೆಂಡು ಎಸೆದಾಡುವ ಆಟ. ಸ್ವಲ್ಪ ಹೊತ್ತಾದ ಮೇಲೆ ಉಳಿದಿಬ್ಬರು ಪ್ರಯೋಗಕ್ಕೆ ಬಂದವರಿಗೆ ಚೆಂಡು ಕೊಡುವುದನ್ನೇ ಬಿಡುತ್ತಾರೆ. ಆಗ ಮಿದುಳಿನಲ್ಲಿ ಚುರುಕಾದದ್ದು ಮೈನೋವಿನಲ್ಲೂ ಚುರುಕಾಗುವ ಭಾಗ. ಮುಖ ನೋಡದವರು ಚೆಂಡು ಕೊಡದಿದ್ದಕ್ಕೇ ಹೀಗೆ. ದಿನಾ ಪಕ್ಕದ ಬೆಂಚಿನಲ್ಲಿ ಕೂರುವವರೇ ನಕ್ಕರೆ ಹೇಗಿರಬೇಡ?

ಮೊದಲು ಬೈಯದೆ ಪೂರ್ತಿ ಕೇಳಿ. ಏನನ್ನೂ ಡಿಲೀಟ್ ಮಾಡುವ ಮುಂಚೆ ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಬ್ಲಾಕ್ ಮಾಡಿ, ಶಾಲೆಗೆ ಬನ್ನಿ. ಅಶ್ಲೀಲ ಫೋಟೊ, ಬೆದರಿಕೆ ಇದ್ದರೆ ಪೊಲೀಸರಿಗೆ ಹೇಳಿ, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗು ‘ಬದುಕೋದೇ ಬೇಡ’ ಅಂದರೆ ಒಂದು ದಿನವೂ ಕಾಯಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಯಾರೂ ಕೇಳದ ಪ್ರಶ್ನೆ: ಸ್ಟಿಕ್ಕರ್ ಮಾಡಿದವನು ನಮ್ಮ ಮಗನೇ ಆಗಿದ್ದರೆ? ನಮ್ಮಲ್ಲಿ ಮಾಡಿದವನು ಮೆತ್ತನೆ ಹುಡುಗ. ಹಿಂದಿನ ವರ್ಷ ಇನ್ನೊಂದು ಗ್ರೂಪಿನಲ್ಲಿ ಅವನ ತೊದಲು ಮಾತನ್ನು ರೆಕಾರ್ಡ್ ಮಾಡಿ ಹಂಚಿದ್ದರು. “ತಮಾಷೆಗೆ ಮಾಡಿದ್ದು ಮಿಸ್” ಅಂದ. ಟಿಫಿನ್ ಬಾಕ್ಸಿನ ವಿಷಯ ಹೇಳಿದೆ. ತುಂಬಾ ಹೊತ್ತು ಸುಮ್ನೆ ನಿಂತಿದ್ದ. ಆಮೇಲೆ ಎರಡು ವಾರ, ಇಂಟರ್ವಲ್‌ನಲ್ಲಿ ಒಬ್ಬೊಬ್ಬರ ಹತ್ತಿರವೂ ಹೋಗಿ ಮನೆಯ ಫೋನಿನಿಂದ ಆ ಸ್ಟಿಕ್ಕರ್ ತೆಗೆಯಿರಿ ಅಂತ ತೊದಲುತ್ತಲೇ ಕೇಳಿದ.