ಕಡಲಿನ ಬ್ಯಾಕ್ಟೀರಿಯಾ ಬಯಲುಸೀಮೆಯ ಕರುಳಿಗೆ ಒಗ್ಗಿದ್ದು ಹೇಗೆ?

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಯಾವುದಾದರೊಂದು ಊರಿನಿಂದ ವಾಂತಿ–ಭೇದಿಯ ಸುದ್ದಿ ಬರುವುದು ಹೊಸದೇನಲ್ಲ. ಈ ಪ್ರಕರಣಗಳೆಲ್ಲವೂ ಕಾಲರಾ ಅಲ್ಲ. ಆದರೆ ಕಾಲರಾ ಖಚಿತವಾದಾಗಲೆಲ್ಲ ಒಂದು ಪ್ರಶ್ನೆ ಉಳಿದುಬಿಡುತ್ತದೆ: ಕಡಲಂಚಿನ ಉಪ್ಪುನೀರಿನಲ್ಲಿ ನೆಲೆಸಿದ್ದ ಬ್ಯಾಕ್ಟೀರಿಯಾ, ಅಲ್ಲಿಂದ ನೂರಾರು ಕಿಲೋಮೀಟರ್ ದೂರದ ಮನುಷ್ಯನ ಕರುಳಿಗೆ ಒಗ್ಗಿದ್ದು ಹೇಗೆ? ಉತ್ತರದ ದೊಡ್ಡ ಪಾಲು ಅದರ ಸ್ರವಿಕೆ ವ್ಯವಸ್ಥೆಗಳಲ್ಲಿದೆ, ಅಂದರೆ ತನ್ನೊಳಗೆ ತಯಾರಾದ ಪ್ರೋಟೀನುಗಳನ್ನು ಹೊರಗೆ ಸಾಗಿಸುವ ರಚನೆಗಳಲ್ಲಿದೆ.

1854ರಲ್ಲಿ ಇಟಲಿಯ ಪಾಚಿನಿ ಈ ಬ್ಯಾಕ್ಟೀರಿಯಾವನ್ನು ಕಂಡರು, 1884ರಲ್ಲಿ ಕೋಲ್ಕತ್ತದಲ್ಲಿ ರಾಬರ್ಟ್ ಕಾಕ್ ಅದನ್ನು ರೋಗದೊಂದಿಗೆ ಜೋಡಿಸಿದರು, 1959ರಲ್ಲಿ ಅದೇ ನಗರದ ಶಂಭುನಾಥ ಡೇ ಅವರು ಅದು ಹೊರಬಿಡುವ ವಿಷವೇ ಭೇದಿಗೆ ಕಾರಣವೆಂದು ತೋರಿಸಿದರು. ಆ ವಿಷ ಹೊರಬೀಳುವ ಬಗೆ ಬಹುಮಟ್ಟಿಗೆ ತಿಳಿದದ್ದು 1990ರ ದಶಕದಲ್ಲಿ.

ಈ ಬ್ಯಾಕ್ಟೀರಿಯಾಕ್ಕೆ ಎರಡು ಪೊರೆಗಳಿವೆ. ವಿಷದ ಬಿಡಿಭಾಗಗಳು ಒಳಪೊರೆಯನ್ನು ದಾಟುವಾಗ ಅವುಗಳ ತುದಿಯಲ್ಲಿರುವ, ದಾರಿ ತೋರುವ ಸಂಕೇತ ತುಣುಕು ಕತ್ತರಿಸಿಹೋಗುತ್ತದೆ. ಎರಡು ಪೊರೆಗಳ ನಡುವೆ ಒಂದು ಎ ಘಟಕ ಮತ್ತು ಐದು ಬಿ ಘಟಕಗಳು ಕೂಡಿಕೊಳ್ಳುತ್ತವೆ. ಸ್ರವಿಕೆ ವ್ಯವಸ್ಥೆಗಳನ್ನು ವಿಜ್ಞಾನಿಗಳು ಸಂಖ್ಯೆಗಳಿಂದ ಗುರುತಿಸುತ್ತಾರೆ; ಹೀಗೆ ಸಿದ್ಧವಾದ ವಿಷವನ್ನು ಎರಡನೇ ಮಾದರಿಯ ವ್ಯವಸ್ಥೆ ಹೊರಪೊರೆಯ ಆಚೆ ತಳ್ಳುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಕೈಟಿನ್ ಕರಗಿಸುವ ಕಿಣ್ವ ಹೊರಹೋಗುವುದೂ ಇದೇ ಬಾಗಿಲಿನಿಂದ. ಕೈಟಿನ್ ಎಂದರೆ ಸಿಗಡಿ, ಏಡಿ ಮತ್ತು ನೀರಿನಲ್ಲಿ ತೇಲುವ ಕೋಪೆಪಾಡ್ ಎಂಬ ಪುಟ್ಟ ಜೀವಿಗಳ ಚಿಪ್ಪಿನ ವಸ್ತು. ಕಡಲಿನಲ್ಲಿ ಅದೇ ಈ ಬ್ಯಾಕ್ಟೀರಿಯಾದ ಆಹಾರ, ಅದೇ ಅದರ ಆಸರೆ. ವಿಷದ ವಂಶವಾಹಿಯಾದರೋ ಅದರ ಸ್ವಂತದ್ದಲ್ಲ. ಒಂದು ವೈರಸ್ ಅದನ್ನು ಹೊತ್ತು ತಂದಿತೆಂದು 1996ರಲ್ಲಿ ವಾಲ್ಡೋರ್ ಮತ್ತು ಮೆಕಲಾನೋಸ್ ತೋರಿಸಿಕೊಟ್ಟರು. ಹೊಟ್ಟೆಪಾಡಿಗೆ ರೂಪುಗೊಂಡಿದ್ದ ಹಳೆಯ ಹಾದಿಯಲ್ಲೇ ಹೊಸ ವಿಷವೂ ಹೊರಟಿತು.

ಆರನೇ ಮಾದರಿಯ ವ್ಯವಸ್ಥೆ ಇನ್ನೂ ಸೋಜಿಗದ್ದು. 2006ರಲ್ಲಿ, ತನ್ನನ್ನು ನುಂಗಲು ಬಂದ ಅಮೀಬಾವನ್ನೇ ಕಾಲರಾ ಬ್ಯಾಕ್ಟೀರಿಯಾದ ಒಂದು ತಳಿ ಕೊಲ್ಲುವುದನ್ನು ಗಮನಿಸಿದ ಸಂಶೋಧಕರು ಇದನ್ನು ಗುರುತಿಸಿದರು. ಕೋಶದೊಳಗೆ ಒಂದು ಕವಚ, ಅದರೊಳಗೆ ಚೂಪು ತುದಿಯ ನಳಿಕೆ. ಕವಚ ಕೆಲವೇ ಮಿಲಿಸೆಕೆಂಡುಗಳಲ್ಲಿ ಕುಗ್ಗಿದಾಗ ನಳಿಕೆ ಪಕ್ಕದ ಕೋಶಕ್ಕೆ ನಾಟಿ ಬೇರೆಯೇ ಬಗೆಯ ವಿಷವನ್ನು ಇಳಿಸುತ್ತದೆ. ಬ್ಯಾಕ್ಟೀರಿಯಾಗಳನ್ನು ಆಕ್ರಮಿಸುವ ವೈರಸ್‌ಗಳ ಬಾಲಕ್ಕೂ ಇದಕ್ಕೂ ಇರುವ ಹೋಲಿಕೆ ಎಷ್ಟು ನಿಕಟವೆಂದರೆ, ಎರಡರ ಮೂಲ ಒಂದೇ ಎಂಬುದನ್ನು ಇಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಕೈಟಿನ್ ಮೇಲೆ ಬೆಳೆಯುವಾಗ ಈ ಬ್ಯಾಕ್ಟೀರಿಯಾ ಹೊರಗಿನ ಡಿಎನ್ಎಯನ್ನು ಹೀರಿಕೊಳ್ಳಬಲ್ಲದೆಂದು 2005ರಲ್ಲೇ ತಿಳಿದಿತ್ತು. ಅದೇ ಹೊತ್ತಿನಲ್ಲಿ ಅದು ಆರನೇ ವ್ಯವಸ್ಥೆಯನ್ನೂ ಚಾಲೂ ಮಾಡಿ, ನೆರೆಯ ಬ್ಯಾಕ್ಟೀರಿಯಾವನ್ನು ಕೊಂದು ಅದರ ವಂಶವಾಹಿಗಳನ್ನು ತನ್ನದಾಗಿಸಿಕೊಳ್ಳುತ್ತದೆ ಎಂಬುದು 2015ರಲ್ಲಿ ಗೊತ್ತಾಯಿತು. ವಿಕಾಸವೆಂದರೆ ನಿಧಾನಗತಿಯ ಸಣ್ಣ ಬದಲಾವಣೆಗಳಷ್ಟೇ ಎಂದುಕೊಂಡವರು ಇಲ್ಲಿ ತುಸು ನಿಂತು ಯೋಚಿಸಬೇಕು.

ಸಣ್ಣ ಉತ್ಪರಿವರ್ತನೆಗಳ ಪಾತ್ರವೂ ಕಡಿಮೆಯದಲ್ಲ. ಹಿಂದಿನ ಮಹಾಮಾರಿಗಳಿಗೆ ಕಾರಣವಾಗಿದ್ದ ಕ್ಲಾಸಿಕಲ್ ತಳಿಗಳಲ್ಲಿ ಆರನೇ ವ್ಯವಸ್ಥೆಯ ವಂಶವಾಹಿಗಳು ಕೆಟ್ಟು ನಿಷ್ಕ್ರಿಯವಾಗಿದ್ದವು; 1961ರಲ್ಲಿ ಇಂಡೋನೇಷ್ಯಾದಿಂದ ಹೊರಟು 1964ರಲ್ಲಿ ಭಾರತಕ್ಕೆ ಬಂದ ಎಲ್ ಟಾರ್ ತಳಿ ಅವುಗಳನ್ನು ಮೂಲೆಗುಂಪು ಮಾಡಲು ಇದೂ ಒಂದು ಕಾರಣವಿರಬಹುದು. 2010ರಲ್ಲಿ ಹೈಟಿಯಲ್ಲಿ ಹಬ್ಬಿದ ತಳಿಯ ವಿಷದ ಬಿ ಘಟಕದಲ್ಲಿ, ಸಂಕೇತ ತುಣುಕಿನ 20ನೇ ಸ್ಥಾನದ ಒಂದು ಅಮೈನೋ ಆಮ್ಲ ಬದಲಾಗಿತ್ತು. ಆ ಬದಲಾವಣೆ ಪೂರ್ವ ಭಾರತದ ಮಾದರಿಗಳಲ್ಲಿ ಅದಕ್ಕೂ ಮೊದಲೇ ಕಂಡಿತ್ತು.

ನಮ್ಮ ಭಾಗದಲ್ಲಿ ಕೊಡದ ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿ ನೀರು ಸೋಸುವ ರೂಢಿಯಿದೆ. ಬಾಂಗ್ಲಾದೇಶದಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೀರೆಯನ್ನು ಕನಿಷ್ಠ ನಾಲ್ಕು ಮಡಿಕೆ ಮಾಡಿ ಸೋಸಿದ ಊರುಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು ಇಳಿದಿತ್ತು. ಕೋಪೆಪಾಡ್‌ಗಳು ಬಟ್ಟೆಯಲ್ಲಿ ಸಿಕ್ಕಿಬೀಳುತ್ತವೆ, ಅವುಗಳಿಗೆ ಅಂಟಿದ ಬ್ಯಾಕ್ಟೀರಿಯಾವೂ ಸಿಕ್ಕಿಬೀಳುತ್ತದೆ. ಆದರೆ ರೋಗಿಯ ಮಲದಿಂದ ನೇರವಾಗಿ ನೀರಿಗೆ ಸೇರಿದ ಬ್ಯಾಕ್ಟೀರಿಯಾ ಯಾವ ಚಿಪ್ಪಿಗೂ ಅಂಟಿರಬೇಕೆಂದಿಲ್ಲ. ಚರಂಡಿಯೊಳಗೇ ಹಾದುಹೋಗುವ, ಒಡೆದ ಜಾಯಿಂಟಿಗೆ ಸೈಕಲ್ ಟ್ಯೂಬ್ ಸುತ್ತಿದ ನಲ್ಲಿ ಪೈಪಿನಲ್ಲಿ ನೀರು ಬರುವುದು ನಿಂತ ಕೂಡಲೇ ಕೊಳಚೆ ಒಳಗೆ ಎಳೆಯಲ್ಪಡುತ್ತದೆ, ಆ ನೀರಿಗೆ ಸೀರೆಯ ಮಡಿಕೆ ಸಾಲದು. ಅದನ್ನು ಕುದಿಸಬೇಕು ಅಥವಾ ಕ್ಲೋರಿನ್ ಬೆರೆಸಬೇಕು.

ಇಂಥ ಹೊತ್ತಿನಲ್ಲಿ ಜನರ ಕೈಗೆ ಬರುವ ವರದಿ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ. ರೋಗಿಗಳ ಮಾದರಿಯಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಕಾಪಿಟ್ಟು ಅದರ ವಂಶವಾಹಿಗಳನ್ನು ಪೂರ್ತಿ ಓದಿದರೆ, ಈ ವರ್ಷ ದೇವದುರ್ಗದಲ್ಲಿ ಕಂಡದ್ದೂ ಮುಂದಿನ ವರ್ಷ ಕುಷ್ಟಗಿಯಲ್ಲಿ ಕಾಣುವುದೂ ಒಂದೇ ತಳಿಯೋ, ಹೊರಗಿನಿಂದ ಹೊಸದಾಗಿ ಬಂದದ್ದೋ ಎಂಬುದನ್ನು ಹೇಳಲು ಸಾಧ್ಯ. ಈ ಕೆಲಸ ಪ್ರತಿ ಮಳೆಗಾಲದಲ್ಲೂ ತಪ್ಪದೆ ನಡೆಯಬೇಕು.